ಮೈಕ್ ಅದ್ರಾಮಣ್ಣ ಮಾರದೆ ಇಟ್ಟ ಜನರೇಟರ್

ಸುಳ್ಯದ ಮದುವೆ ಹಾಲಿನಲ್ಲಿ ಊಟ ಬಡಿಸುವ ಹೊತ್ತಿಗೇ ಕರೆಂಟು ಹೋಯಿತು. ಫ್ಯಾನುಗಳು ನಿಂತವು, ಮಕ್ಕಳು ಹೋ ಎಂದವು, ಹಿಂಬಾಗಿಲಿನ ಆಚೆ ಯಾರೋ ಜನರೇಟರ್ ಚಾಲೂ ಮಾಡಿದರು. ಅದರ ಹೊಗೆ ಒಂದಿಷ್ಟು ಒಳಗೂ ಬಂತು. ಅಕ್ಕಪಕ್ಕದ ಹೆಂಗಸರು ಸೆರಗು ಮೂಗಿಗೆ ಹಿಡಿದರು, ನಾನು ಹಿಡಿಯಲಿಲ್ಲ. ಎಂಬತ್ತು ದಾಟಿದ ನನ್ನ ಮೂಗಿಗೆ ಈಗ ಮಲ್ಲಿಗೆಯ ಪರಿಮಳವೂ ಸರಿಯಾಗಿ ಹತ್ತುವುದಿಲ್ಲ. ಆದರೆ ಸುಟ್ಟ ಎಣ್ಣೆಯ ಆ ವಾಸನೆ ಹತ್ತಿತು. ಹತ್ತಿದ್ದೇ ತಡ, ನಾನು ಕಲ್ಲುಗುಂಡಿಯಲ್ಲಿದ್ದೆ.

ಮದುಮಗಳ ತಂದೆ ಅಶ್ರಫ್ ನನ್ನನ್ನು ಹುಡುಕಿಕೊಂಡು ಬಂದದ್ದು ಊಟವಾದ ಮೇಲೆ. ಕಲ್ಲುಗುಂಡಿಯ ಮೈಕ್ ಅದ್ರಾಮಣ್ಣನ ಮಗ ಅವನು. ಅಪ್ಪನ ಉದ್ಯೋಗವನ್ನೇ ಹಿಡಿದು ಈಗ ಸುಳ್ಯದಲ್ಲಿ ದೊಡ್ಡ ಸೌಂಡ್ಸ್ ಅಂಗಡಿ ಇಟ್ಟಿದ್ದಾನೆ. ಮಗಳ ಮದುವೆಗೂ ಸೌಂಡು ಅವನದೇ, ಲೈಟೂ ಅವನದೇ. ನಾನು ಅವನನ್ನು ಎತ್ತಿ ಆಡಿಸಿದವಳು, ಅವನಿಗೆ ಅದು ನೆನಪಿಲ್ಲ. ಅಪ್ಪ ಹೇಳಿದ್ದನ್ನು ಕೇಳಿಯೇ ನನ್ನನ್ನು ಹುಡುಕಿ ನಾನಿರುವ ಪುತ್ತೂರಿನ ತನಕ ಮದುವೆಯ ಕಾಗದ ಕೊಡಲಿಕ್ಕೆ ಬಂದಿದ್ದ. ಹಾಲಿನ ಪಕ್ಕದ ಸಣ್ಣ ಕೋಣೆಗೆ ನನ್ನನ್ನು ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂರಿಸಿ, ಲ್ಯಾಪ್‌ಟಾಪ್ ತೆರೆದ. ಉಪ್ಪನ ಹಾಡು ಕೇಳಿಸುತ್ತೇನೆ ಎಂದ.

ಕೇಳಿಸಿದ. ಗಂಡಸಿನ ಸ್ವರ, ತಗ್ಗಿನದು, ಅವಸರವೇ ಇಲ್ಲದ್ದು. ಹಿಂದೆ ಹಾರ್ಮೋನಿಯಂ. ಭಾಷೆ ಬ್ಯಾರಿ, ಇಲ್ಲಿಯ ಮುಸ್ಲಿಮರ ಮನೆಮಾತು; ಅದರಲ್ಲಿ ಉಪ್ಪ ಎಂದರೆ ಅಪ್ಪ, ಉಮ್ಮ ಎಂದರೆ ಅಮ್ಮ.

ಅದ್ರಾಮಣ್ಣ ತೀರಿಹೋದ ಮೇಲೆ ಅವರ ಪೆಟ್ಟಿಗೆಯಲ್ಲಿ ಹಳೆಯ ಟೇಪಿನ ಸುರುಳಿಗಳು ಸಿಕ್ಕಿದವಂತೆ. ಮಂಗಳೂರಿನಲ್ಲಿ ಒಬ್ಬರನ್ನು ಹಿಡಿದು ಅದನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ್ದಾನೆ. ಉಪ್ಪನ ಮೊದಲ ಆಲ್ಬಂ ಎಂದು ಹೊರಗೆ ತರುತ್ತಾನಂತೆ. ಟೊಪ್ಪಿ ಹಾಕಿದ ಅದ್ರಾಮಣ್ಣನ ಚಿತ್ರವಿರುವ ಕವರು ಕೂಡ ತಯಾರಾಗಿತ್ತು. ನೀವು ಎರಡು ಮಾತು ಬರೆದುಕೊಡಬೇಕು ಟೀಚರ್ ಎಂದ. ಆಮೇಲೆ ನಗುತ್ತಾ ಅಪ್ಪನ ವಿಷಯ ಹೇಳಿದ. ಕಲ್ಲುಗುಂಡಿಗೆ ಕರೆಂಟು ಬಂದ ಮೇಲೂ ಅವರು ಆ ಹಳೆಯ ಜನರೇಟರನ್ನು ಮಾರಲಿಲ್ಲವಂತೆ. ಪ್ರತಿ ವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಮಧ್ಯಾಹ್ನ, ಮನೆಯಲ್ಲಿ ಕರೆಂಟು ಚೆನ್ನಾಗಿ ಇರುವಾಗಲೇ ಅದನ್ನು ಹೊರಗೆ ಚಾಲೂ ಮಾಡಿ, ಕೊಟ್ಟಿಗೆಯ ಬಾಗಿಲು ಹಾಕಿಕೊಂಡು ಟೇಪು ಕೇಳುತ್ತಿದ್ದರಂತೆ. ಎಂಜಿನ್ನಿನ ಗದ್ದಲದಲ್ಲಿ ಹೊರಗಿನವರಿಗೆ ಏನೂ ಕೇಳುತ್ತಿರಲಿಲ್ಲ. ಮಕ್ಕಳೆಲ್ಲ ಉಪ್ಪನಿಗೆ ಅರೆಮರುಳು ಎಂದುಕೊಂಡಿದ್ದರು.

"ಒಂದು ದಿವಸ ಹಾಡಿ ಅಂದ್ರೆ ಹಾಡ್ತಿರ್ಲಿಲ್ಲ ಟೀಚರ್. ಮೈಕ್‌ನಲ್ಲಿ ಕೂಗಿ ಕೂಗಿ ಸ್ವರ ಹೋಯ್ತು ಅಂತ ಹೇಳುದು," ಎಂದ ಅಶ್ರಫ್. ಆಮೇಲೆ ಹಾಡಿನ ಸದ್ದು ತಗ್ಗಿಸಿ, "ಉಮ್ಮನದು ಎಂತದ್ದೂ ಇಲ್ಲ. ಒಂದು ಫೋಟೋ ಸಹ ಇಲ್ಲ. ಸ್ವರ ಹೇಗಿತ್ತು ಅಂತ ನನಗೆ ಗೊತ್ತೇ ಇಲ್ಲ. ಉಪ್ಪನದ್ದಾದ್ರೂ ಉಳಿಯಿತಲ್ಲ," ಎಂದ.

ನಾನು ಬಾಯಿ ಬಿಡಲಿಲ್ಲ. ಬಿಡುವ ಹಾಗಿರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಒಂದು ಮಳೆಗಾಲವನ್ನೇ ಹೇಳಬೇಕು.

ಅರವತ್ತರ ದಶಕದ ನಡುಭಾಗ. ಬೆಟ್ಟಂಪಾಡಿಯ ನಮ್ಮ ಮನೆಯಿಂದ ಒಂದು ಟ್ರಂಕು, ಒಂದು ಹಾರ್ಮೋನಿಯಂ ಹಿಡಿದುಕೊಂಡು ಕಲ್ಲುಗುಂಡಿಗೆ ಹೋದವಳು ನಾನು. ಶಾಲೆಗೆ ಮೊದಲ ನೇಮಕ. ಹೆಣ್ಣುಮಗಳು ಒಬ್ಬಳೇ ಘಟ್ಟದ ಬುಡದಲ್ಲಿ ಇರುವುದೇ ಎಂದು ಅಮ್ಮ ಅತ್ತಳು, ಹಾರ್ಮೋನಿಯಂ ಯಾಕೆ ಎಂದು ಅಪ್ಪ ಸಿಟ್ಟು ಮಾಡಿದರು. ಯಾರು ಬೇಡ ಎಂದರೂ ಅದನ್ನೇ ಮಾಡುವ ಬುದ್ಧಿ ನನ್ನದು, ಈಗಲೂ ಹೋಗಿಲ್ಲ. ಮಡಿಕೇರಿ ರಸ್ತೆಯ ಬದಿಯಲ್ಲಿ ಒಂದು ಮನೆಯ ಅರ್ಧ ಭಾಗ ಬಾಡಿಗೆಗೆ ಸಿಕ್ಕಿತು. ಪಕ್ಕದ ಮನೆಯ ಜಗಲಿಯಲ್ಲಿ ದೊಡ್ಡ ಕಹಳೆಯಂಥ ಹಾರ್ನುಗಳು, ವಯರಿನ ಸುರುಳಿಗಳು, ಟ್ಯೂಬ್‌ಲೈಟುಗಳು. ಅದು ಮೈಕ್ ಅದ್ರಾಮಣ್ಣನ ಮನೆ.

ಆಗ ಅಲ್ಲಿ ಕರೆಂಟು ಇರಲಿಲ್ಲ. ಮದುವೆಯಾಗಲಿ, ಉರೂಸ್ ಆಗಲಿ, ಕೋಲವಾಗಲಿ, ಓಟಿನ ಭಾಷಣವಾಗಲಿ, ಬೆಳಕೂ ಸದ್ದೂ ಬೇಕಾದರೆ ಅದ್ರಾಮಣ್ಣ ಬರಬೇಕು. ಎತ್ತಿನ ಗಾಡಿಯಲ್ಲೋ ಲಾರಿಯಲ್ಲೋ ಜನರೇಟರ್ ಹೇರಿಕೊಂಡು ಬರುತ್ತಿದ್ದರು. ಸಂಪಾಜೆಯಿಂದ ಸುಳ್ಯದ ತನಕ ಬೇರೆ ಮೈಕಿನವರೂ ಇದ್ದರು. ಆದರೆ ಅದ್ರಾಮಣ್ಣನ ಲೈಟು ಅಂದರೆ ಹಾಲು ಚೆಲ್ಲಿದ ಹಾಗೆ ಎಂದು ಜನ ಹೇಳುತ್ತಿದ್ದರು. ಅದರ ಗುಟ್ಟು ಇಷ್ಟೇ. ಎಂಜಿನ್ನಿಗೆ ಹದಕ್ಕಿಂತ ಹೆಚ್ಚು ರೈಸ್ ಕೊಡುವುದು, ಅಂದರೆ ವೇಗ ಏರಿಸುವುದು. ಎಂಜಿನ್ನು ಜೋರು ಓಡಿದಷ್ಟೂ ಬಲ್ಬು ಬೆಳ್ಳಗೆ ಉರಿಯುತ್ತದೆ. ಬಲ್ಬುಗಳು ಬೇಗ ಸುಟ್ಟುಹೋಗುತ್ತಿದ್ದವು, ಪೆಟ್ರೋಲು ನೀರಿನ ಹಾಗೆ ಖರ್ಚಾಗುತ್ತಿತ್ತು, ಅವರು ತಲೆ ಕೆಡಿಸಿಕೊಳ್ಳಲಿಲ್ಲ. ಮೈಕಿನವನ ಮರ್ಯಾದೆ ಲೈಟಿನಲ್ಲಿ ಉಂಟು ಎನ್ನುತ್ತಿದ್ದರು. ರೈಸಿನ ಸ್ಕ್ರೂ ಅವರ ಎಂಜಿನ್ನಿನಲ್ಲಿ ಒಂದೇ ಜಾಗದಲ್ಲಿ ತುಕ್ಕು ಹಿಡಿದು ಕೂತಿತ್ತು.

ಅವರ ಹೆಂಡತಿ ನೆಬಿಸ. ನನಗಿಂತ ಒಂದೆರಡು ವರ್ಷ ಸಣ್ಣವಳು. ಕೈಯಲ್ಲಿ ಕೂಸು ಅಶ್ರಫ್. ಕಾಣಿಯೂರಿನ ಕಡೆಯವಳು, ತಂದೆತಾಯಿ ಇಲ್ಲದ ಅವಳನ್ನೂ ಅವಳ ಅಣ್ಣನನ್ನೂ ದೊಡ್ಡಪ್ಪ ಸಾಕಿದ್ದರು. ಅಣ್ಣ ಬೊಂಬಾಯಿಗೆ ಹೋಗಿ ಹಡಗಿನಲ್ಲಿ ಅಡಿಗೆಯವನಾಗಿದ್ದ. ನಾನು ಹೋದ ಹೊಸದರಲ್ಲಿ ನೆಬಿಸ ನನ್ನೊಡನೆ ಮಾತೇ ಆಡುತ್ತಿರಲಿಲ್ಲ. ಸಂಜೆ ನಾನು ಹಾರ್ಮೋನಿಯಂ ತೆಗೆದರೆ ಅವಳ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಲ್ಲುತ್ತಿತ್ತು, ಅಷ್ಟೆ. ಒಂದು ದಿನ ನಾನು ಬಾರಿಸಿ ನಿಲ್ಲಿಸಿದ ಮೇಲೆ ಗೋಡೆಯ ಆಚೆಯಿಂದ ಅದೇ ಸ್ವರಗಳು ವಾಪಸು ಬಂದವು, ಬ್ಯಾರಿಯ ಮಾತುಗಳನ್ನು ಹೊತ್ತುಕೊಂಡು. ನಾನು ಮಾಡಿದ್ದ ಒಂದು ತಪ್ಪನ್ನು ತಿದ್ದಿಕೊಂಡು ಬಂದಿದ್ದವು. ನನಗೆ ಸಿಟ್ಟು ಬಂತು. ಮರುದಿನ ಅವಳ ಮನೆಗೆ ಹೋಗಿ ಕೂತೆ.

ಮದರಂಗಿಯ ದಿನ ಮದುಮಗಳ ಸುತ್ತ ಕೂತು ಚಪ್ಪಾಳೆ ತಟ್ಟಿ ಹಾಡುವುದು ಅವರ ಹೆಂಗಸರಲ್ಲಿ ಪದ್ಧತಿ. ಹಳೆಯ ಹಾಡುಗಳು ಎಲ್ಲರಿಗೂ ಬರುತ್ತವೆ. ನೆಬಿಸ ಹೊಸದನ್ನು ಕಟ್ಟುತ್ತಿದ್ದಳು. ಯಾವ ಮದುಮಗಳಿಗೆ ಯಾವ ಊರು, ಅತ್ತೆ ಹೇಗೆ, ದಾರಿಯಲ್ಲಿ ಎಷ್ಟು ಹೊಳೆ, ಅದೆಲ್ಲ ಹಾಡಿನಲ್ಲಿ ಬರುತ್ತಿತ್ತು. ಮದುವೆಗೆ ಸೇರದ ಹಾಡುಗಳೂ ಅವಳಲ್ಲಿದ್ದವು. ಅದರಲ್ಲೊಂದು ಘಟ್ಟ ಇಳಿದು ಬರುವ ಬಸ್ಸಿನ ಮೇಲೆ: ಬಸ್ಸೇ ಬಸ್ಸೇ, ಎಲ್ಲರನ್ನೂ ಇಳಿಸಿದೆ, ನನ್ನ ಅಣ್ಣನನ್ನು ಯಾವ ತಿರುವಿನಲ್ಲಿ ಮರೆತೆ ಎಂದು ಕೇಳುವ ಹಾಡು. ಅದನ್ನು ಅವಳು ಮೊದಲ ಸಲ ನನಗೆ ಹೇಳಿದಾಗ ಅರ್ಧ ಮಾತು ಅರ್ಥವಾಗಲಿಲ್ಲ, ಕಣ್ಣಲ್ಲಿ ನೀರು ಬಂತು. ಅವಳು ನನ್ನನ್ನು ನೋಡಿ ನಕ್ಕಳು. ನಿಮಗೆ ಅಣ್ಣ ಮನೆಯಲ್ಲೇ ಇದ್ದಾರಲ್ಲ ಟೀಚರ್, ನೀವು ಯಾಕೆ ಅಳುದು ಎಂದಳು.

ಆ ಅಣ್ಣನೇ ಮಳೆಗಾಲಕ್ಕೆ ಮೊದಲು ರಜೆಯಲ್ಲಿ ಬಂದವನು ಒಂದು ಟೇಪ್ ರೆಕಾರ್ಡರ್ ತಂದುಕೊಟ್ಟು ಹೋದ. ತಟ್ಟೆಯಷ್ಟು ದೊಡ್ಡ ಎರಡು ಸುರುಳಿಗಳು ತಿರುಗುವ, ಎತ್ತಲು ಇಬ್ಬರು ಬೇಕಾದ ಪೆಟ್ಟಿಗೆ. ಅದ್ರಾಮಣ್ಣನಿಗೆ ಅದು ಬೇಕಾಗಿದ್ದದ್ದು ಟೆಂಟ್ ಸಿನೆಮಾದ ಪ್ರಚಾರಕ್ಕೆ. ಒಮ್ಮೆ ಕೂಗಿ ಹಿಡಿದಿಟ್ಟರೆ ಮತ್ತೆ ಮತ್ತೆ ಗಂಟಲು ಹರಿದುಕೊಳ್ಳಬೇಕಾಗಿಲ್ಲ ಎಂಬ ಲೆಕ್ಕ. ಅವರ ಸ್ವರವೋ, ದೇವರೇ ಗತಿ. ಮೈಕ್ ಟೆಸ್ಟಿಂಗ್ ಎಂದು ಅವರು ಹಲೋ ಹಲೋ ಎಂದರೆ ಮರದಲ್ಲಿದ್ದ ಕಾಗೆಗಳು ನೆಂಟರು ಬಂದರು ಎಂದು ಇಳಿಯುತ್ತವೆ ಎಂದು ನೆಬಿಸಳೇ ಹೇಳುತ್ತಿದ್ದಳು. ಅವರಿಗೆ ಅದರಿಂದ ಬೇಜಾರಿಲ್ಲ, ಕಾಗೆಯೂ ಹಕ್ಕಿಯೇ ಅಲ್ಲವಾ ಎನ್ನುತ್ತಿದ್ದರು.

ಆಟಿ ಬಂತು. ಆಟಿಯಲ್ಲಿ ಮದುವೆ ಇಲ್ಲ, ಜಾತ್ರೆ ಇಲ್ಲ, ಮೈಕಿನವರಿಗೆ ಕೆಲಸವೇ ಇಲ್ಲ. ಜನರೇಟರ್ ಕೊಟ್ಟಿಗೆಯಲ್ಲಿ, ಅದ್ರಾಮಣ್ಣ ಜಗಲಿಯಲ್ಲಿ. ಮಂಗಳೂರಿನಲ್ಲಿ ಅವರು ಪ್ಲೇಟು ಕೊಳ್ಳುವ ಒಂದು ಅಂಗಡಿ ಇತ್ತು. ಗ್ರಾಮಾಫೋನ್ ರೆಕಾರ್ಡಿಗೆ ನಾವು ಆಗ ಪ್ಲೇಟು ಎನ್ನುತ್ತಿದ್ದೆವು. ಆ ಅಂಗಡಿಯವರು ಮದ್ರಾಸಿನ ಒಂದು ಕಂಪೆನಿಗೆ ಏಜೆಂಟರು. ನಿಮ್ಮ ಭಾಷೆಯ ಹಾಡು ಪ್ಲೇಟಿನಲ್ಲಿ ಬಂದೇ ಇಲ್ಲ, ಒಳ್ಳೆಯ ಹಾಡುಗಾರರು ಇದ್ದರೆ ಟೇಪಿನಲ್ಲಿ ಹಿಡಿದು ತನ್ನಿ, ನಾನು ಮುಂದೆ ಕಳಿಸುತ್ತೇನೆ ಎಂದಿದ್ದರು. ಅದ್ರಾಮಣ್ಣ ಅದನ್ನು ನಗೆಯಾಡಿ ಹೇಳಿದರು. ನೆಬಿಸ ನಗಲಿಲ್ಲ. ಎರಡು ದಿನ ಬಿಟ್ಟು ನನ್ನ ಹತ್ತಿರ ಬಂದು, ಇವರ ಹಾರ್ನಿನಲ್ಲಿ ಲೋಕದವರ ಹಾಡೆಲ್ಲ ಬರುತ್ತದೆ, ನನ್ನದು ಒಂದು ಬಂದರೆ ಆಗದಾ ಎಂದು ಕೇಳಿದಳು. ಪ್ಲೇಟಾದರೆ ಹಡಗು ನಿಲ್ಲುವ ಊರಿಗೂ ಹೋಗುತ್ತದಲ್ಲ ಎಂದೂ ಕೇಳಿದಳು.

ಆಸೆ ಅದು. ಹೆದರಿಕೆಯೂ ಅದರ ಜೊತೆಗೇ ಇತ್ತು. ಹೆಂಗಸರ ನಡುವೆ ಹಾಡುವುದು ಬೇರೆ, ಗಂಡಸರು ಕೇಳುವ ಹಾಗೆ ಹಾರ್ನಿನಲ್ಲಿ ಹಾಡುವುದು ಬೇರೆ. ಕಾಣಿಯೂರಿನ ದೊಡ್ಡಪ್ಪ ಬೈಯುವ ಜನ ಅಲ್ಲ, ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಮಗಳೇ ಎಂದು ಕರೆದು ಬೆಲ್ಲ ಕೈಗಿಟ್ಟು ಸಾಕಿದವರು ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದು ಅವಳಿಗೆ ಬೇಡ. ಮೊದಲು ದೊಡ್ಡಪ್ಪನಿಗೆ ತಾನೇ ಹೇಳಬೇಕು, ಅದಕ್ಕೆ ಧೈರ್ಯ ಬರುವ ತನಕ ಯಾರಿಗೂ ತಿಳಿಯಬಾರದು ಎಂದಳು. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿದಳು.

"ಇದು ನನ್ನ ಸ್ವರ ಅಂತ ನಾನಾಗಿ ಹೇಳ್ಬೇಕು. ನಾನು ಹೇಳುವ ತನಕ ನೀವಿಬ್ಬರು ಬಾಯಿ ಬಿಡ್ಲಿಕ್ಕಿಲ್ಲ," ಎಂದಳು.

ಅದ್ರಾಮಣ್ಣ ಅಲ್ಲಾಹನ ಮೇಲೆ ಆಣೆ ಇಟ್ಟರು. ನಾನು ಹಾರ್ಮೋನಿಯಂ ಮುಟ್ಟಿ ಆಣೆ ಇಟ್ಟೆ. ದೇವರ ಮೇಲೆ ಇಡಿ ಟೀಚರ್ ಎಂದಳು. ಇದೇ ನನ್ನ ದೇವರು ಎಂದೆ, ಒಪ್ಪಿದಳು.

ಹಾಡು ಹಿಡಿಯುವುದು ಅಂದುಕೊಂಡಷ್ಟು ಸುಲಭವಾಗಲಿಲ್ಲ. ಹಂಚಿನ ಮಾಡಿನ ಮೇಲೆ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುವುದಿಲ್ಲ. ಅದ್ರಾಮಣ್ಣ ಯೋಚಿಸಿ ಸೌದೆ ಕೊಟ್ಟಿಗೆಯನ್ನು ಖಾಲಿ ಮಾಡಿದರು. ಅದಕ್ಕೆ ಮುಳಿಹುಲ್ಲಿನ ಮಾಡು, ಎಂಥ ಮಳೆಯಾದರೂ ಸದ್ದಿಲ್ಲದೆ ಕುಡಿಯುತ್ತದೆ. ಸುತ್ತ ಗೋಣಿ, ಕಂಬಳಿ, ನನ್ನ ಹಾಸಿಗೆ ಎಲ್ಲ ಕಟ್ಟಿದರು. ಜನರೇಟರನ್ನು ಕೊಟ್ಟಿಗೆಯಿಂದ ತೆಗೆದು ಮುರಕಲ್ಲು ಕಡಿದ ಹೊಂಡದ ಆಚೆಗೆ ಸಾಗಿಸಿ, ಅದಕ್ಕೊಂದು ತಟ್ಟಿಯ ಮರೆ ಕಟ್ಟಿ, ಇದ್ದ ವಯರನ್ನೆಲ್ಲ ಜೋಡಿಸಿ ಎಳೆದರು. ಅಷ್ಟು ಮಾಡಿದರೂ ಪಯಸ್ವಿನಿ ಕೆಂಪಾಗಿ ತುಂಬಿ ಹರಿಯುವ ಸದ್ದು ಹಿಂದಿನಿಂದ ಬರುತ್ತಿತ್ತು. ಅದನ್ನು ಎಂತ ಮಾಡುದು, ಹೊಳೆಗೆ ಗೋಣಿ ಕಟ್ಟಲಿಕ್ಕೆ ಆಗುದಿಲ್ಲ ಎಂದರು.

ಶಾಲೆ ಬಿಟ್ಟು ನಾನು ಬರುವ ಹೊತ್ತಿಗೆ ಎಂಜಿನ್ನು ತಯಾರು. ಅದ್ರಾಮಣ್ಣ ಅದನ್ನು ಚಾಲೂ ಮಾಡಿ, ಮಳೆಯಲ್ಲಿ ಓಡಿ ಬಂದು, ಪೆಟ್ಟಿಗೆಯ ಗುಂಡಿ ಒತ್ತಿ, ಉಸಿರು ಹಿಡಿದು ನಿಲ್ಲುತ್ತಿದ್ದರು. ಅವರ ಉಬ್ಬಸ ಹಾಡಿನಲ್ಲಿ ಸೇರುತ್ತದೆ ಎಂದು ನಾನು ಬೈದು ಹೊರಗೆ ಕಳಿಸುತ್ತಿದ್ದೆ. ನೆಬಿಸ ಮೊದಲ ಎರಡು ದಿನ ಮೈಕನ್ನು ನೋಡಿದ ಕೂಡಲೇ ಸಣ್ಣಗಾಗುತ್ತಿದ್ದಳು. ಆಮೇಲೆ ಅದಕ್ಕೆ ಬೆನ್ನು ಹಾಕಿ ಕೂತು, ನನ್ನನ್ನು ನೋಡುತ್ತಾ ಹಾಡಿದಳು. ಕಂಬಳಿ ಕಟ್ಟಿದ ಆ ಕತ್ತಲೆಯ ಕೊಟ್ಟಿಗೆಯಲ್ಲಿ ನಾನು ಬದುಕಿನಲ್ಲಿ ಅತ್ಯಂತ ಸುಖವಾಗಿದ್ದೆ. ಮದುವೆ, ಮಕ್ಕಳು, ಬಡ್ತಿ ಎಲ್ಲ ಆಮೇಲೆ ಬಂದವು, ಅದನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೂ ಇದು ಹೀಗೆಯೇ.

ಮೊದಲ ಸಲ ಟೇಪು ತಿರುಗಿಸಿ ಕೇಳಿಸಿದಾಗ ನೆಬಿಸ ನಂಬಲಿಲ್ಲ. ಇದು ಬೇರೆ ಯಾರೋ ಎಂದಳು. ನಿನ್ನದೇ ಎಂದು ಅದ್ರಾಮಣ್ಣ ಹೇಳಿದರೆ, ನಾನು ಇಷ್ಟು ಚಂದ ಹಾಡುತ್ತೇನಾ ಎಂದು ಅವರನ್ನೇ ಕೇಳಿದಳು. ಅವರು ಹೊರಗೆ ಎಂಜಿನ್ನು ನೋಡಲು ಹೋದರು. ಎಂಜಿನ್ನು ಸರಿಯಾಗಿಯೇ ಇತ್ತು.

ಬಸ್ಸಿನ ಹಾಡು ಕೊನೆಯದು. ಅದನ್ನು ಹಿಡಿಯುವಾಗ ಮೂಲೆಯ ಚಾಪೆಯಲ್ಲಿ ಮಲಗಿಸಿದ್ದ ಅಶ್ರಫ್ ಎದ್ದು ರಾಗ ತೆಗೆದ. ನೆಬಿಸ ಹಾಡು ನಿಲ್ಲಿಸಿ, ತಿರುಗಿ, "ಮೋನೇ" ಎಂದು ಕರೆದಳು. ಮಗನೇ ಎಂದು ಅರ್ಥ. ಅವನು ಅಷ್ಟಕ್ಕೇ ಸುಮ್ಮನಾದ. ಅವಳು ನಿಲ್ಲಿಸಿದ ಸಾಲಿನಿಂದಲೇ ಎತ್ತಿಕೊಂಡಳು. ಇದನ್ನು ಅಳಿಸಿ ಇನ್ನೊಮ್ಮೆ ಹಿಡಿಯುವ ಎಂದೆ ನಾನು. ಪೆಟ್ರೋಲು ಮುಗಿದಿತ್ತು, ಅದ್ರಾಮಣ್ಣನಿಗೆ ಮರುದಿನ ಬೆಳಿಗ್ಗೆ ಮಂಗಳೂರಿನ ಬಸ್ಸು. ಇರಲಿ, ಅವನೂ ಹಾಡಿದ ಹಾಗೆ ಆಯಿತು ಎಂದಳು ನೆಬಿಸ.

ಮಂಗಳೂರಿನಲ್ಲಿ ಆದದ್ದನ್ನು ಅದ್ರಾಮಣ್ಣ ಬಂದು ಹೇಳಿದ ಹಾಗೆಯೇ ಹೇಳುತ್ತೇನೆ. ಏಜೆಂಟರು ತಮ್ಮ ಅಂಗಡಿಯ ಯಂತ್ರಕ್ಕೆ ಸುರುಳಿ ಹಾಕಿ, ಊರ ಕರೆಂಟಿನಲ್ಲಿ ಚಾಲೂ ಮಾಡಿದರು. ಹಾಡು ಶುರುವಾಯಿತು. ಹಾಡುತ್ತಿದ್ದದ್ದು ಗಂಡಸು. ಅದ್ರಾಮಣ್ಣ ಎದ್ದು ಯಂತ್ರದ ಮೇಲೆ ಬಗ್ಗಿದರು. ಸುರುಳಿ ಬದಲಾಯಿತೋ ಎಂದು ನೋಡಿದರೆ ಸುರುಳಿ ಅದೇ, ಮಾತುಗಳು ಅವೇ, ಹೊಳೆಯ ಸದ್ದೂ ಅದೇ. ನೆಬಿಸ ಮಾತ್ರ ಇಲ್ಲ. ಅವಳ ಜಾಗದಲ್ಲಿ ಯಾರೋ ಒಬ್ಬ ಗಂಭೀರ ಮನುಷ್ಯ ಕೂತು, ಅಣ್ಣನನ್ನು ಎಲ್ಲಿ ಬಿಟ್ಟೆ ಎಂದು ಬಸ್ಸನ್ನು ಕೇಳುತ್ತಿದ್ದಾನೆ. ಏಜೆಂಟರು ಕಣ್ಣು ಮುಚ್ಚಿ ಕೇಳಿದರು. ಇಂಥ ಸ್ವರ ಈ ಕಡೆಯಲ್ಲಿ ಕೇಳಿಲ್ಲ, ಯಾರಿದು ಎಂದು ಕೇಳಿದರು.

ಆಣೆ ಇಟ್ಟಿದ್ದಾರಲ್ಲ, ಅದ್ರಾಮಣ್ಣನ ಬಾಯಿಗೆ ಸಿಕ್ಕಿದ್ದು ಒಂದೇ ಉತ್ತರ. "ನಾನೇ," ಎಂದರು.

ಹಾಗಾದರೆ ಎರಡು ಸಾಲು ಹೇಳಿ ಎಂದರಂತೆ ಏಜೆಂಟರು. ಅದ್ರಾಮಣ್ಣ ಗಂಟಲು ಹಿಡಿದುಕೊಂಡು ಕೆಮ್ಮಿದರು. ಶೀತ, ಮಳೆ, ಬಸ್ಸಿನ ಗಾಳಿ ಎಂದರು. ದೀಪಾವಳಿ ಕಳೆದ ಮೇಲೆ ಮದ್ರಾಸಿಗೆ ಬನ್ನಿ, ಅಲ್ಲಿ ಸರಿಯಾಗಿ ಹಾಡಿಸಿ ಪ್ಲೇಟು ಮಾಡುವ ಎಂದು ಏಜೆಂಟರು ಬೆನ್ನು ತಟ್ಟಿ ಕಳಿಸಿದರು. ಹಾರ್ಮೋನಿಯಂ ಬಾರಿಸುವವರಿಗೆ ಮಾತ್ರ ಸ್ವಲ್ಪ ಉಸಿರು ಕಡಿಮೆ, ಬೇರೆಯವರನ್ನು ನೋಡಿ ಎಂದೂ ಹೇಳಿದರಂತೆ. ಆ ಮಾತನ್ನು ಅದ್ರಾಮಣ್ಣ ಬಿಟ್ಟು ಹೇಳಬಹುದಿತ್ತು. ಹೇಳಿದರು. ನನಗೆ ಅದು ಇವತ್ತಿಗೂ ಹೊಟ್ಟೆಯಲ್ಲಿ ಉಂಟು.

ವಾಪಸು ಬರುವ ಬಸ್ಸಿನಲ್ಲಿ, ಮಾಣಿ ದಾಟಿ ಪುತ್ತೂರು ಬರುವ ಹೊತ್ತಿಗೆ ಅವರಿಗೆ ವಿಷಯ ಹೊಳೆದಿತ್ತು. ಎಂಜಿನ್ನು ಓಡಿದ ಹಾಗೆ ಪೆಟ್ಟಿಗೆಯೂ ಓಡುತ್ತದೆ. ಲೈಟು ಬೆಳ್ಳಗೆ ಉರಿಯಲಿ ಎಂದು ಅವರು ಕೊಟ್ಟ ರೈಸಿನಲ್ಲಿ ಟೇಪು ಹದಕ್ಕಿಂತ ಜೋರಾಗಿ ತಿರುಗಿ ಹಾಡನ್ನು ಹಿಡಿದಿತ್ತು. ಅದೇ ಎಂಜಿನ್ನಿನಲ್ಲಿ, ಅದೇ ಜೋರಿನಲ್ಲಿ ಕೇಳುವಾಗ ನಮಗೆ ಅದು ನೆಬಿಸ. ಊರ ಕರೆಂಟಿನಲ್ಲಿ ನಿಧಾನವಾಗಿ ತಿರುಗಿದಾಗ ಸ್ವರ ಇಳಿದು ಗಂಡಸಾಗಿತ್ತು. ಟೇಪು ಹಿಡಿಯುವಾಗ ಕೊಟ್ಟಿಗೆಯಲ್ಲಿ ಒಂದು ಬಲ್ಬು ಕೂಡ ಇರಲಿಲ್ಲ, ರೈಸ್ ಕೊಟ್ಟದ್ದು ಯಾರಿಗೆ ಮಾರಾಯ್ರೆ ಎಂದು ನಾನು ಕೇಳಿದೆ. ಅಭ್ಯಾಸ ಟೀಚರ್ ಎಂದರು ಅವರು, ತಲೆ ತುರಿಸಿಕೊಂಡು.

ನೆಬಿಸಳಿಗೆ ಹೇಗೆ ಹೇಳುವುದು ಎಂದು ನಾವು ಹೆದರಿದ್ದೆವು. ಅವಳು ಪೂರ್ತಿ ಕೇಳಿದಳು. ಗಂಡ "ನಾನೇ" ಎಂದದ್ದನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ ನಗಲು ಶುರು ಮಾಡಿದವಳು ಕಣ್ಣೊರೆಸಿಕೊಂಡು ಗೋಡೆ ಹಿಡಿದು ಕೂತಳು. ನನಗೆ ಕೇಳಿಸಿ, ಆ ಗಂಡಸನ್ನು ನಾನೂ ನೋಡಬೇಕು ಎಂದು ಹಠ ಹಿಡಿದಳು. ತುಕ್ಕು ಹಿಡಿದ ಸ್ಕ್ರೂಗೆ ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ತಟ್ಟಿ ಸಡಿಲ ಮಾಡಿದರು. ಅದ್ರಾಮಣ್ಣ ಹೊಂಡದ ಆಚೆ ಎಂಜಿನ್ನಿನ ಹತ್ತಿರ, ನಾನು ಪೆಟ್ಟಿಗೆಯ ಹತ್ತಿರ, ನೆಬಿಸ ನಡುವೆ ಕೊಟ್ಟಿಗೆಯ ಬಾಗಿಲಲ್ಲಿ. ಅವಳು ಕೈ ತಗ್ಗಿಸಿದರೆ ಅವರು ರೈಸ್ ಇಳಿಸುವುದು, ಎತ್ತಿದರೆ ಏರಿಸುವುದು. ಕೈ ತಗ್ಗಿತು, ಹಾಡು ಗಂಡಸಾಯಿತು. ಏರಿತು, ನೆಬಿಸಳಾಯಿತು. ಇನ್ನೂ ಏರಿತು, ಮದರಸಕ್ಕೆ ಹೋಗುವ ಸಣ್ಣ ಹುಡುಗಿಯಾಯಿತು. ಆ ಮಧ್ಯಾಹ್ನವಿಡೀ ಅವಳು ಅದನ್ನೇ ಆಡಿದಳು. ಬಾಗಿಲಲ್ಲಿ ನಿಂತು, ತನ್ನ ಸ್ವರವನ್ನು ಗಾಳಿಪಟದ ಹಾಗೆ ಏರಿಸಿ ಇಳಿಸಿ ನಗುತ್ತಿದ್ದ ಅವಳನ್ನು ನಾನು ಮರೆಯಲಾರೆ. ಕೂಸಿನ ಅಳು ತಗ್ಗಿದಾಗ ಕರು ಕೂಗಿದ ಹಾಗೆ ಕೇಳಿತು, ಅದಕ್ಕೂ ನಕ್ಕಳು.

ನಗು ಮುಗಿದ ಮೇಲೆ ಪ್ರಶ್ನೆ ಉಳಿಯಿತು. ಮದ್ರಾಸಿಗೆ ಯಾರು ಹೋಗುವುದು? ಗಂಡಸಾಗಿ ಹೋದರೆ ಹಾಡಲು ಗಂಡಸಿಲ್ಲ. ಪುತ್ತೂರಿಗೆ ಹೋಗಿ, ಅಲ್ಲಿ ಕರೆಂಟಿರುವ ಮನೆಯಲ್ಲಿ ಸರಿಯಾಗಿ ಇನ್ನೊಮ್ಮೆ ಹಿಡಿದು, ಅವಳ ಸ್ವರದಲ್ಲೇ ಕಳಿಸುವ ಎಂದು ನಾನು ವಾದ ಮಾಡಿದೆ. ಅದ್ರಾಮಣ್ಣ ಅವಳು ಹೇಳಿದ ಹಾಗೆ ಎಂದು ಕೂತರು. ನೆಬಿಸ ಒಂದು ವಾರ ಹಾಡಲೇ ಇಲ್ಲ. ಆಮೇಲೆ ಒಂದು ಸಂಜೆ ಅಕ್ಕಿ ಆರಿಸುತ್ತಾ, ಈ ವರ್ಷ ಬೇಡ ಎಂದಳು. ಮಗು ನಡೆದಾಡಲಿ. ಬೇಸಿಗೆಯಲ್ಲಿ ಕಾಣಿಯೂರಿಗೆ ಹೋದಾಗ ದೊಡ್ಡಪ್ಪನ ಕಾಲ ಬಳಿ ಕೂತು ತಾನೇ ಹೇಳುತ್ತಾಳೆ. ಬರುವ ಮಳೆಗಾಲ ಕಳೆದ ಮೇಲೆ ಮದ್ರಾಸಿಗೆ ಹೋಗುವುದು.

"ನನ್ನ ಸ್ವರದಲ್ಲೇ ಹೋಗುವ ಟೀಚರ್. ಆ ಗಂಡಸು ನನಗಿಂತ ಚಂದ ಹಾಡುದಿಲ್ಲ," ಎಂದಳು.

ಬೇಸಿಗೆಯಲ್ಲಿ ನನಗೆ ಕಡಬಕ್ಕೆ ವರ್ಗವಾಯಿತು. ಬಸ್ಸು ಹತ್ತಿಸಲು ಮೂವರೂ ಬಂದಿದ್ದರು, ಅಶ್ರಫ್ ಅಪ್ಪನ ಹೆಗಲಿನಲ್ಲಿ. ಪ್ಲೇಟಿನಲ್ಲಿ ಹಾರ್ಮೋನಿಯಂ ನೀವೇ ಬಾರಿಸಬೇಕು, ಉಸಿರು ಕಡಿಮೆಯಾದರೂ ಅಡ್ಡಿಯಿಲ್ಲ ಎಂದು ನೆಬಿಸ ಕಿಟಕಿಯ ಹತ್ತಿರ ಬಂದು ಹೇಳಿದಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು. ಆ ಮಳೆಗಾಲದಲ್ಲಿ ಟೈಫಾಯಿಡ್ ಬಂದು ಅವಳು ಹೋಗಿಬಿಟ್ಟಳು. ನನಗೆ ತಿಳಿದದ್ದು ಚಳಿಗಾಲದಲ್ಲಿ. ಕಡಬದಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆ ಮೈಕ್ ಕಟ್ಟಲು ಅದ್ರಾಮಣ್ಣ ಬಂದಿದ್ದರು. ಕಂಬಕ್ಕೆ ವಯರು ಸುತ್ತುತ್ತಾ, ನನ್ನ ಮುಖ ನೋಡದೆ, ಎರಡೇ ಮಾತಿನಲ್ಲಿ ಹೇಳಿದರು. ದೊಡ್ಡಪ್ಪನಿಗೆ ಹೇಳಿದಳಾ ಎಂದು ಕೇಳಿದೆ. ಇಲ್ಲ, ಈದ್ ಕಳೆಯಲಿ ಎನ್ನುತ್ತಿದ್ದಳು ಎಂದರು. ಆ ದಿನ ಅವರ ಲೈಟುಗಳು ಮಂಕಾಗಿದ್ದವು, ಜನ ಮಾತಾಡಿಕೊಂಡರು.

ಆಮೇಲೆ ಅವರು ಇನ್ನೊಂದು ಮದುವೆಯಾದರು, ಆಕೆ ಒಳ್ಳೆಯವರು, ಅಶ್ರಫನನ್ನು ತನ್ನ ಮಗನೆಂದೇ ಬೆಳೆಸಿದರು. ದೊಡ್ಡಪ್ಪನೂ ಹೋದರು, ಹಡಗಿನ ಅಣ್ಣ ಯಾವ ಊರಿನಲ್ಲಿ ಉಳಿದನೋ ಗೊತ್ತಾಗಲಿಲ್ಲ. ಹೇಳಬಾರದ ಕಾರಣ ಯಾವುದೂ ಉಳಿದಿರಲಿಲ್ಲ. ಆದರೆ "ನಾನು ಹೇಳುವ ತನಕ" ಎಂದವಳೇ ಇಲ್ಲದಾಗ, ಆಣೆಯಿಂದ ಬಿಡಿಸುವವರು ಯಾರು? ಅದ್ರಾಮಣ್ಣ ಜೀವಮಾನವಿಡೀ ಆ "ನಾನೇ" ಎಂಬ ಸುಳ್ಳನ್ನು ಹೊತ್ತುಕೊಂಡರು. ಕಾಗೆಸ್ವರದ ಮನುಷ್ಯ, ಒಂದು ಕಾಲದಲ್ಲಿ ಹಾಡುತ್ತಿದ್ದೆ ಎಂದು ಊರಿಗೆಲ್ಲ ಹೇಳಿಕೊಂಡು ನಗೆಗೀಡಾದರು. ಕರೆಂಟು ಬಂದ ದಿನ ಊರೆಲ್ಲ ಕುಣಿಯುವಾಗ ಅವರಿಗೆ ಏನಾಗಿರಬಹುದು ಎಂದು ನಾನು ಈಗ ಯೋಚಿಸುತ್ತೇನೆ. ಕರೆಂಟಿನಲ್ಲಿ ಆ ಟೇಪು ಹಾಕಿದರೆ ಗಂಡಸು ಬರುತ್ತಾನೆ. ನೆಬಿಸ ಬರಬೇಕಾದರೆ ಅದೇ ಎಂಜಿನ್ನು ಬೇಕು, ಅದೇ ರೈಸ್ ಬೇಕು. ಅದಕ್ಕೇ ಅವರು ಅದನ್ನು ಮಾರಲಿಲ್ಲ. ಆಟಿಯ ಮಧ್ಯಾಹ್ನ ಬಾಗಿಲು ಹಾಕಿಕೊಂಡದ್ದು ಅರೆಮರುಳಿನಿಂದ ಅಲ್ಲ, ಹೆಂಡತಿಯ ಹಾಡು ಕೇಳಲು.

ಇಷ್ಟೆಲ್ಲ ನನ್ನ ತಲೆಯಲ್ಲಿ ಓಡುವಾಗ ಸುಳ್ಯದ ಆ ಸಣ್ಣ ಕೋಣೆಯಲ್ಲಿ ಅಶ್ರಫ್ ನನ್ನ ಮುಖವನ್ನೇ ನೋಡುತ್ತಿದ್ದ. ಆರಾಮ ಇಲ್ಲವಾ ಟೀಚರ್ ಎಂದು ಕೇಳಿದ. ಹೊರಗೆ ಕರೆಂಟು ಬಂದಿತ್ತು, ಜನರೇಟರ್ ನಿಂತಿತ್ತು. ಬಸ್ಸಿನ ಹಾಡು ಉಂಟಾ ಎಂದು ಕೇಳಿದೆ. ಉಂಟು, ಅದರ ನಡುವೆ ಉಪ್ಪ ನನ್ನನ್ನು ಕರೆಯುವುದೂ ಉಂಟು ಎಂದ. ಹಿಂದೆ ಯಾವುದೋ ಕರು ಕೂಗುತ್ತದೆ, ಅದನ್ನು ತೆಗೆದುಹಾಕಬೇಕು ಎಂದೂ ಹೇಳಿದ.

ತೆಗೆಯಬೇಡ ಎಂದೆ. ಈ ಯಂತ್ರದಲ್ಲಿ ಹಾಡನ್ನು ಜೋರಾಗಿ ಓಡಿಸಲಿಕ್ಕೆ ಆಗುತ್ತದಾ ಎಂದು ಕೇಳಿದೆ. ಆಗುತ್ತದೆ, ಆದರೆ ಸ್ವರವೂ ಮೇಲೆ ಹೋಗುತ್ತದೆ ಎಂದ. ಹೋಗಲಿ, ನಾನು ಕೈ ಎತ್ತಿದ ಹಾಗೆ ಏರಿಸು ಎಂದೆ. ಅವನಿಗೆ ಏನೂ ಅರ್ಥವಾಗಲಿಲ್ಲ, ಆದರೂ ಮುದುಕಿಯ ಮಾತೆಂದು ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟು ಕೂತ. ಹಾಡು ಶುರುವಾಯಿತು, ಗಂಡಸಿನ ಸ್ವರದಲ್ಲಿ. ನಾನು ಕೈ ಎತ್ತಿದೆ. ಸ್ವಲ್ಪ ಎತ್ತಿದೆ. ಇನ್ನೂ ಸ್ವಲ್ಪ. ನನ್ನ ಹಾರ್ಮೋನಿಯಮ್ಮಿನ ಶ್ರುತಿ ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು? ಅದು ತನ್ನ ಜಾಗಕ್ಕೆ ಬಂದು ಕೂತಾಗ ಕೈ ನಿಲ್ಲಿಸಿದೆ.

ಕೊಟ್ಟಿಗೆಯ ಬಾಗಿಲಿನಿಂದ ನೆಬಿಸ ಒಳಗೆ ಬಂದಳು.

ಅಶ್ರಫನ ಬೆರಳು ಅಲ್ಲಿಯೇ ಇತ್ತು. "ಯಾರಿದು ಟೀಚರ್?" ಎಂದ.

"ನಾನು ಹೇಳುವ ಹಾಗಿಲ್ಲ. ಆಣೆ ಉಂಟು," ಎಂದೆ. "ನೀನು ಕೇಳು. ಅವಳೇ ಹೇಳ್ತಾಳೆ."

ಬಸ್ಸು ಘಟ್ಟ ಇಳಿಯಿತು. ಒಂದೊಂದು ತಿರುವಿನಲ್ಲೂ ಒಬ್ಬೊಬ್ಬರನ್ನು ಇಳಿಸಿತು. ಹಿಂದೆ ಪಯಸ್ವಿನಿ ಹರಿಯುತ್ತಿತ್ತು. ಆಮೇಲೆ ಮೂಲೆಯ ಚಾಪೆಯಲ್ಲಿ ಒಂದು ಕೂಸು ಎದ್ದು ಅಳಲು ಶುರು ಮಾಡಿತು, ಕರುವಲ್ಲ, ಕೂಸು. ಹಾಡು ನಿಂತಿತು. ಅರವತ್ತರ ಹತ್ತಿರದ, ಬಿಳಿ ಗಡ್ಡದ, ಮಗಳ ಮದುವೆ ಮಾಡುತ್ತಿರುವ ಆ ಗಂಡಸಿನ ಕಡೆಗೆ ಅವಳು ತಿರುಗಿ ಕರೆದಳು.

"ಮೋನೇ."

ಅಶ್ರಫ್ ಸುಮ್ಮನಾದ. ಅವಳು ನಿಲ್ಲಿಸಿದ ಸಾಲಿನಿಂದಲೇ ಎತ್ತಿಕೊಂಡಳು.